ಜಿಪ್ಸಿ ಎತ್ತರ ಮಾಡಿಸಿದ ಮೇಲೆ ಹಿಂದಿನ ಚಕ್ರ ಬೇಗ ನೆಲ ಬಿಡುತ್ತಿದೆ, ಎಲ್ಲಿ ತಪ್ಪಾಗಿದೆ?

ಮೂಡಿಗೆರೆ ಜಿಪ್ಸಿ:

ಎಲ್ಲರಿಗೂ ನಮಸ್ಕಾರ. ನನ್ನದು 2007ರ ಜಿಪ್ಸಿ ಕಿಂಗ್. ತೋಟದ ಕೆಲಸಕ್ಕೂ ಅದೇ, ಭಾನುವಾರ ಗೆಳೆಯರ ಜೊತೆ ಆಫ್‌ರೋಡ್‌ಗೂ ಅದೇ. ಎರಡು ತಿಂಗಳ ಹಿಂದೆ ಒಂದು ಗ್ಯಾರೇಜ್‌ನಲ್ಲಿ ಎತ್ತರ ಮಾಡಿಸಿದೆ. ನಾಲ್ಕೂ ಕಡೆ ಸ್ಪ್ರಿಂಗ್ ಸೆಟ್‌ಗೆ (ಆಕ್ಸಲ್‌ಗೆ ಕಟ್ಟಿರುವ ಬಾಗಿದ ಕಬ್ಬಿಣದ ಪಟ್ಟಿಗಳ ಕಂತೆ) ಒಂದೊಂದು ಪ್ಲೇಟ್ ಜಾಸ್ತಿ ಸೇರಿಸಿದ್ದಾರೆ. ಮೊದಲಿಗಿಂತ 50 ಮಿ.ಮೀ. ಉದ್ದದ ಶಾಕಲ್ (ಸೆಟ್‌ನ ಒಂದು ತುದಿಯನ್ನು ಚಾಸಿಗೆ ಸೇರಿಸುವ ತೂಗುವ ಕೊಂಡಿ) ಹಾಕಿದ್ದಾರೆ. ಶಾಕ್ ಅಬ್ಸಾರ್ಬರ್ ಹಳೆಯವೇ. ಮುಂದಿನ ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಗಾಡಿ ವಾಲದ ಹಾಗೆ ಎಡ-ಬಲ ಚಕ್ರಗಳನ್ನು ಜೋಡಿಸುವ ಸರಳು) ಹಾಗೇ ಇದೆ. ಟೈರ್ 215/75 ಆರ್15.

ತೋಟದ ಕೆರೆ ಏರಿಗೆ ಹತ್ತುವ ಕಡೆ ಮಳೆನೀರು ದಾರಿಯನ್ನು ಅಡ್ಡಕ್ಕೆ ಕೊರೆದಿದೆ. ಮೊದಲು ಲೋ ಗೇರಿನಲ್ಲಿ ನಿಧಾನಕ್ಕೆ ಹತ್ತಿಕೊಂಡು ಹೋಗುತ್ತಿತ್ತು. ಈಗ ಮುಂದಿನ ಎಡಚಕ್ರ ದಿಬ್ಬಕ್ಕೆ ಏರಿದ ಕೂಡಲೇ ಹಿಂದಿನ ಎಡಚಕ್ರ ಗಾಳಿಯಲ್ಲಿ ಸುತ್ತುತ್ತೆ. ಮುಂದಿನ ಬಲಚಕ್ರವೂ ಕೆಸರಲ್ಲಿ ಸುಮ್ನೆ ತಿರುಗುತ್ತೆ. ಗಾಡಿ ಅಲ್ಲೇ ನಿಲ್ಲುತ್ತೆ. ಟಾರ್ ರಸ್ತೆಯಲ್ಲಿ 60 ದಾಟಿದರೆ ಸ್ಟೇರಿಂಗ್ ಬೇರೆ ಅಲೆಯುತ್ತೆ.

ಇನ್ನೂ ಎತ್ತರ ಬೇಕಾ? ಅಥವಾ ಡಿಫ್ ಲಾಕರ್ (ಒಂದು ಆಕ್ಸಲ್‌ನ ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಮಾಡುವ ಸಾಧನ) ಹಾಕಿಸಬೇಕಾ? ದಯವಿಟ್ಟು ಹೇಳಿ.

ಹಳೇ ಗ್ಯಾರೇಜ್:

ಲಾಕರ್‌ಗೆ ಈಗಲೇ ದುಡ್ಡು ಹಾಕಬೇಡಿ. ಎತ್ತರವೂ ಸಾಕು. ನಿಮ್ಮ ಗಾಡಿ ಎತ್ತರ ಆಗಿದೆ, ಆದರೆ ಗಟ್ಟಿಯಾಗಿಬಿಟ್ಟಿದೆ. ಎತ್ತರ ಬೇರೆ, ಆರ್ಟಿಕ್ಯುಲೇಷನ್ ಬೇರೆ. ಆಕ್ಸಲ್‌ನ ಒಂದು ತುದಿ ಮೇಲೆ ಹೋದಾಗ ಇನ್ನೊಂದು ತುದಿ ಅಷ್ಟೇ ಸಲೀಸಾಗಿ ಕೆಳಗೆ ಇಳಿಯಬೇಕು. ಅದನ್ನು ಏನೋ ಒಂದು ತಡೆಯುತ್ತಿದೆ. ಏನು ಅಂತ ಅಳತೆ ಮಾಡಿಯೇ ಹುಡುಕೋಣ.

ಸಮತಟ್ಟಾದ ಗಟ್ಟಿ ಜಾಗದಲ್ಲಿ ನಿಲ್ಲಿಸಿ. ಬಲಗಡೆಯ ಎರಡೂ ಚಕ್ರಕ್ಕೆ ಕಲ್ಲು ಕೊಡಿ. ದಪ್ಪ ಮರದ ತುಂಡುಗಳನ್ನು ಮೆಟ್ಟಿಲಿನ ಹಾಗೆ ಜೋಡಿಸಿ ಮುಂದಿನ ಎಡಚಕ್ರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಬನ್ನಿ. ಹಿಂದಿನ ಎಡ ಟೈರಿನ ಕೆಳಗೆ ಒಂದು ರಟ್ಟಿನ ಚೂರು ಸಿಕ್ಕಿಸಿಡಿ. ರಟ್ಟು ಕೈಗೆ ಸಲೀಸಾಗಿ ಬಂದ ಕ್ಷಣ ನಿಲ್ಲಿಸಿ, ಮುಂದಿನ ಚಕ್ರ ನೆಲದಿಂದ ಎಷ್ಟು ಮೇಲಿದೆ ಅಂತ ಟೇಪ್ ಹಿಡಿಯಿರಿ. ಆಂಟಿ-ರೋಲ್ ಬಾರ್ ಲಿಂಕ್ ಬಿಚ್ಚಿ ಇನ್ನೊಮ್ಮೆ ಅಳೆಯಿರಿ. ಆಮೇಲೆ ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಹಿಂದಿನ ಎಡ ಶಾಕ್‌ನ ಕೆಳಗಿನ ಬೋಲ್ಟ್ ತೆಗೆದು, ಆಕ್ಸಲ್ ಇನ್ನೆಷ್ಟು ಇಳಿಯುತ್ತೆ ನೋಡಿ. ಜಾಕ್ ಒಂದರ ಮೇಲೆ ನಂಬಿಕೆ ಇಟ್ಟು ಗಾಡಿ ಕೆಳಗೆ ಹೋಗಲೇಬೇಡಿ.

ಮೂಡಿಗೆರೆ ಜಿಪ್ಸಿ:

ಇವತ್ತು ಬೆಳಿಗ್ಗೆ ತಮ್ಮನ ಜೊತೆ ಸೇರಿ ಮಾಡಿದೆ ಅಣ್ಣ. ಮುಂದಿನ ಚಕ್ರ 280 ಮಿ.ಮೀ. ಏರಿದಾಗಲೇ ರಟ್ಟು ಕೈಗೆ ಬಂತು. ಬಾರ್ ಲಿಂಕ್ ಬಿಚ್ಚಿದ ಮೇಲೆ 320. ಶಾಕ್ ಬೋಲ್ಟ್ ತೆಗೆದಾಗ ಆಕ್ಸಲ್ ಟಕ್ ಅಂತ 55 ಮಿ.ಮೀ. ಕೆಳಗೆ ಬಿತ್ತು! ಶಾಕ್ ಪೂರ್ತಿ ಎಳೆದಾಗ ಉದ್ದ 475 ಇದೆ. ಮುಂದಿನ ಬ್ರೇಕ್ ಹೋಸ್ ಕೂಡ ಚಕ್ರ ಇಳಿದಾಗ ಬಿಗಿಯಾಗಿ ನಿಲ್ಲುತ್ತೆ.

ಹಳೇ ಗ್ಯಾರೇಜ್:

ಉತ್ತರ ನಿಮ್ಮ ಕೈಯಲ್ಲೇ ಇದೆ ನೋಡಿ. ಬಾಡಿ ಮೇಲೆ ಹೋಯಿತು, ಶಾಕ್ ಮಾತ್ರ ಮೊದಲಿನ ಉದ್ದದ್ದೇ ಉಳಿಯಿತು. ಅಂದರೆ ಗಾಡಿ ಸುಮ್ನೆ ನಿಂತಾಗಲೇ ಶಾಕ್ ಅರ್ಧಕ್ಕಿಂತ ಜಾಸ್ತಿ ಎಳೆದುಕೊಂಡಿರುತ್ತೆ. ಚಕ್ರ ಇಳಿಯೋಕೆ ಉಳಿದಿರೋದು ಸ್ವಲ್ಪವೇ. ಅಷ್ಟು ಮುಗಿದ ಮೇಲೆ ಶಾಕ್ ಹಗ್ಗದ ಹಾಗೆ ಆಕ್ಸಲ್ಲನ್ನು ಹಿಡಿದು ನೇತುಹಾಕುತ್ತೆ.

ಎರಡನೇ ತೊಂದರೆ ಆ ಹೆಚ್ಚುವರಿ ಪ್ಲೇಟ್. ಖಾಲಿ ಜಿಪ್ಸಿ ಹಗುರ. ಅದರ ಭಾರಕ್ಕೆ ಅಷ್ಟು ಪ್ಲೇಟ್ ಬಗ್ಗುವುದೇ ಇಲ್ಲ. ಮೇಲೆ ಹೋಗಬೇಕಾದ ಚಕ್ರ ಹೋಗದಿದ್ದರೆ ಬಾಡಿಯೇ ವಾಲುತ್ತೆ, ಹಿಂದಿನ ಚಕ್ರವನ್ನು ತನ್ನ ಜೊತೆ ಎತ್ತುತ್ತೆ. ಹಾಗಾಗಿ ಬರೀ ಶಾಕ್ ಬದಲಿಸಿದರೆ ಅರ್ಧ ಕೆಲಸ ಆಗುತ್ತೆ ಅಷ್ಟೇ. ಜಾಸ್ತಿ ಹಾಕಿದ ಪ್ಲೇಟ್ ತೆಗೆಸಿ. ಸೆಟ್ ಬಿಚ್ಚಿದಾಗ ಪ್ಲೇಟ್‌ಗಳ ಮಧ್ಯದ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ ಗ್ರೀಸ್ ಹಚ್ಚಿ. ಮಲೆನಾಡಿನ ಮಳೆಗೆ ಎರಡೇ ವರ್ಷದಲ್ಲಿ ಪ್ಲೇಟ್‌ಗಳು ಒಂದಕ್ಕೊಂದು ಕಚ್ಚಿಕೊಂಡು ಒಂದೇ ಕಬ್ಬಿಣದ ಹಾಗೆ ಆಗಿರುತ್ತವೆ.

ಸ್ಟೇರಿಂಗ್ ಅಲೆಯೋದಕ್ಕೆ ಕಾರಣ ಮುಂದಿನ ಉದ್ದ ಶಾಕಲ್. ಜಿಪ್ಸಿಯಲ್ಲಿ ಮುಂದಿನ ಶಾಕಲ್ ಪ್ಲೇಟ್ ಸೆಟ್‌ನ ಮುಂತುದಿಯಲ್ಲಿ ಇರುತ್ತೆ. ಅದನ್ನು ಉದ್ದ ಮಾಡಿದರೆ ಸೆಟ್‌ನ ಮುಂತುದಿ ಕೆಳಗೆ ಇಳಿಯುತ್ತೆ, ಆಕ್ಸಲ್ ಮುಂದಕ್ಕೆ ತಿರುಗುತ್ತೆ, ಕ್ಯಾಸ್ಟರ್ (ಚಕ್ರವನ್ನು ಎಡ-ಬಲಕ್ಕೆ ತಿರುಗಿಸುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆ ಆಗುತ್ತೆ. ಕ್ಯಾಸ್ಟರ್ ಇಲ್ಲದಿದ್ದರೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಲ್ಲ. ಇಷ್ಟೆಲ್ಲ ಕಳೆದುಕೊಂಡು ಸಿಕ್ಕಿದ್ದು ಎಷ್ಟು? 50 ಮಿ.ಮೀ. ಉದ್ದದ ಶಾಕಲ್‌ನಿಂದ ಬಾಡಿ ಏರೋದು ಅದರ ಅರ್ಧ, 25 ಮಾತ್ರ. ಮುಂಭಾಗಕ್ಕೆ ಹಳೇ ಶಾಕಲ್ಲೇ ವಾಪಸ್ ಹಾಕಿ.

ಕೆಂಪು ಜೀಪ್:

ನನ್ನ ಅಭಿಪ್ರಾಯ ಬೇರೆ. ಜಿಪ್ಸಿಯಲ್ಲಿ ಪ್ಲೇಟ್ ಸೆಟ್ ಆಕ್ಸಲ್ ಕೆಳಗಿದೆ. ಅದನ್ನು ಆಕ್ಸಲ್ ಮೇಲೆ ಕೂರಿಸಿದರೆ ಸುಮಾರು 5 ಇಂಚು ಎತ್ತರ ಸಿಗುತ್ತೆ, ಮೆತ್ತಗಿನ ಕಂಪನಿ ಪ್ಲೇಟ್‌ಗಳನ್ನೇ ಇಟ್ಟುಕೊಳ್ಳಬಹುದು. ಒಂದೇ ಸಲಕ್ಕೆ ಮುಗಿಯುತ್ತೆ ಅಲ್ವಾ?

ಹಳೇ ಗ್ಯಾರೇಜ್:

ಮುಗಿಯಲ್ಲ, ಅಲ್ಲಿಂದ ಶುರುವಾಗುತ್ತೆ. ಡ್ರ್ಯಾಗ್ ಲಿಂಕ್ (ಸ್ಟೇರಿಂಗ್‌ನಿಂದ ಚಕ್ರದ ಕಡೆ ಹೋಗುವ ಸರಳು) ಪ್ಲೇಟ್‌ಗೆ ತಾಗುತ್ತೆ, ಸ್ಟೇರಿಂಗ್ ಜೋಡಣೆ ಬದಲಿಸಬೇಕು. ಆಕ್ಸಲರೇಟರ್ ಒತ್ತಿದಾಗ ಆಕ್ಸಲ್ ತಿರುಚಿಕೊಂಡು ಪ್ಲೇಟ್ ಎಸ್ ಆಕಾರಕ್ಕೆ ಬರುತ್ತೆ. ಪಿನಿಯನ್ ಕೋನ (ಪ್ರೊಪೆಲರ್ ಶಾಫ್ಟ್ ಆಕ್ಸಲ್‌ಗೆ ಸೇರುವ ಕೋನ) ಸರಿ ಕೂರದಿದ್ದರೆ ಪ್ರೊಪೆಲರ್ ಶಾಫ್ಟ್ ಜಾಯಿಂಟ್ ಹೋಗುತ್ತೆ. ಆಕ್ಸಲ್ ಮೇಲೆ ಹೊಸ ಸೀಟ್ ವೆಲ್ಡ್ ಮಾಡಬೇಕು, ಆ ವೆಲ್ಡ್ ಮೇಲೆ ಮನೆಯವರ ಜೀವ ನಿಂತಿರುತ್ತೆ. ಸ್ಪರ್ಧೆಗೆ ಅಂತಲೇ ಇಟ್ಟ ಗಾಡಿಗೆ ಅದು ಸರಿ. ಇವರದು ಮಕ್ಕಳನ್ನು ಶಾಲೆಗೆ ಬಿಡೋಕೂ ಹೋಗುವ ಗಾಡಿ ಇರಬಹುದು. ಆರ್‌ಸಿಯಲ್ಲಿರುವ ಕಂಪನಿ ವಿವರಕ್ಕೆ ವ್ಯತ್ಯಾಸ ಆಗುವ ಹಾಗೆ ಗಾಡಿ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಏನೇ ಮಾಡಿಸುವ ಮೊದಲು ಆರ್‌ಟಿಒದಲ್ಲಿ ಕೇಳಿಕೊಳ್ಳೋದು ಒಳ್ಳೆಯದು.

ಮೂಡಿಗೆರೆಯವರೇ, ಶಾಕ್ ತಗೊಳ್ಳುವ ಮೊದಲು ಎರಡು ಅಳತೆ ಬೇಕು. ಆಕ್ಸಲ್ ಬಂಪ್ ಸ್ಟಾಪ್‌ಗೆ (ಆಕ್ಸಲ್ ತೀರಾ ಮೇಲೆ ಬರದ ಹಾಗೆ ತಡೆಯುವ ರಬ್ಬರ್ ತುಂಡು) ತಾಗಿದಾಗ ಶಾಕ್‌ನ ಮೇಲಿನ, ಕೆಳಗಿನ ಬೋಲ್ಟ್ ಮಧ್ಯೆ ಎಷ್ಟು, ಪೂರ್ತಿ ಇಳಿದಾಗ ಎಷ್ಟು. ಇಳಿದಾಗಿನ ಅಳತೆ 475ಕ್ಕೆ 55 ಸೇರಿಸಿ 530 ಅಂತ ಗೊತ್ತಾಯಿತು. ಇನ್ನೊಂದನ್ನು ಪ್ಲೇಟ್ ತೆಗೆಸಿದ ಮೇಲೆ ಅಳೆಯಿರಿ.

ಮೂಡಿಗೆರೆ ಜಿಪ್ಸಿ:

ಹೌದು ಅಣ್ಣ, ಮಗಳ ಶಾಲೆಗೂ ಇದೇ ಗಾಡಿ. ಪ್ಲೇಟ್ ತೆಗೆಸಿ, ಉಜ್ಜಿ, ಗ್ರೀಸ್ ಹಾಕಿದೆ. ಹಿಂದಿನ ಸೆಟ್‌ನಲ್ಲಿ ಎರಡು ಪ್ಲೇಟ್ ಬಿಡಿಸೋಕೆ ಸುತ್ತಿಗೆ ಬೇಕಾಯಿತು, ಅಷ್ಟು ಕಚ್ಚಿಕೊಂಡಿದ್ದವು. ಬಂಪ್ ಸ್ಟಾಪ್ ತಾಗಿದಾಗ 350 ಇದೆ.

ಹಳೇ ಗ್ಯಾರೇಜ್:

ಹಾಗಿದ್ದರೆ ಮುಚ್ಚಿದಾಗ 335ಕ್ಕಿಂತ ಜಾಸ್ತಿ ಇಲ್ಲದ, ತೆರೆದಾಗ 520ರ ಸುತ್ತ ಬರುವ ಶಾಕ್ ನೋಡಿ. ಮುಚ್ಚಿದ ಉದ್ದ ಜಾಸ್ತಿಯಾದರೆ ಬಂಪ್ ಸ್ಟಾಪ್‌ಗಿಂತ ಮೊದಲೇ ಶಾಕ್ ಒಳಗೆ ಬಡಿದು ಒಡೆಯುತ್ತೆ. 530ರ ತನಕ ಬೇಡ, ಕೊನೆಯ 10 ಮಿ.ಮೀ.ನಲ್ಲಿ ಚಕ್ರದ ಮೇಲೆ ಭಾರವೇ ಇರಲ್ಲ. ನೇತಾಡುವ ಚಕ್ರ ನೋಡೋಕೆ ಚೆಂದ, ಹಿಡಿತ ಕೊಡಲ್ಲ. ಮುಂದಿನ ಜೋಡಿಗೂ ಇದೇ ಥರ ಅಳೆದುಕೊಳ್ಳಿ. ಬ್ರೇಕ್ ಹೋಸ್ ಉದ್ದದ್ದು ಹಾಕಿಸಿ, ಇದಕ್ಕೆ ರಾಜಿ ಬೇಡ. ಶಾಕಲ್ ಬೋಲ್ಟ್‌ಗಳನ್ನು ಗಾಡಿ ನೆಲಕ್ಕೆ ಇಳಿದು ಭಾರ ಬಿದ್ದ ಮೇಲೆಯೇ ಕೊನೇ ಬಿಗಿ ಮಾಡಿ. ನೇತಾಡುವಾಗ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ.

ಮೂಡಿಗೆರೆ ಜಿಪ್ಸಿ:

ಕೆಲಸ ಮುಗಿಯಿತು. ಅದೇ ರಟ್ಟು, ಅದೇ ಮರದ ತುಂಡು, ಬಾರ್ ಲಿಂಕ್ ಬಿಚ್ಚಿ ಅಳೆದೆ: 385 ಮಿ.ಮೀ.! ಸ್ಟೇರಿಂಗ್ ನೇರ ನಿಲ್ಲುತ್ತೆ. ನಿನ್ನೆ ಸಂಜೆ ಕೆರೆ ಏರಿಗೆ ಹೋದೆ. ಮುಂದಿನ ಎಡಚಕ್ರ ದಿಬ್ಬ ಹತ್ತಿತು, ಹಿಂದಿನದು ಕೊರಕಲಿನೊಳಗೆ ಇಳಿದು ಮಣ್ಣು ಹಿಡಿಯಿತು. ಗಾಡಿ ನಿಲ್ಲದೆ ಹೋಯಿತು. ತುಂಬಾ ಥ್ಯಾಂಕ್ಸ್ ಅಣ್ಣ. ಒಂದೇ ಉಳಿದಿದೆ, ಹಿಂದಿನ ಟೈರ್ ಪೂರ್ತಿ ಮೇಲೆ ಹೋದಾಗ ಮಡ್‌ಗಾರ್ಡ್ ಒಳಗೆ ಉಜ್ಜುತ್ತೆ.

ಹಳೇ ಗ್ಯಾರೇಜ್:

20 ಡಿಗ್ರಿ ರ‍್ಯಾಂಪ್ ಲೆಕ್ಕಕ್ಕೆ (ಇಳಿಜಾರಿನಲ್ಲಿ ಚಕ್ರ ಹತ್ತಿದ ದೂರವನ್ನು ಮುಂದಿನ-ಹಿಂದಿನ ಚಕ್ರಗಳ ಅಂತರದಿಂದ ಭಾಗಿಸಿ 1000ದಿಂದ ಗುಣಿಸಿದ ಅಂಕ) ತಂದರೆ ಮೊದಲು ಬಾರ್ ಲಿಂಕ್ ಇದ್ದಾಗ 345 ಇದ್ದದ್ದು ಈಗ ಲಿಂಕ್ ಬಿಚ್ಚಿ ಸುಮಾರು 474 ಆಯಿತು. ಒಂದೂ ದೊಡ್ಡ ವೆಲ್ಡಿಂಗ್ ಇಲ್ಲದೆ. ತುಂಬಾ ಖುಷಿಯಾಯಿತು.

ಮಡ್‌ಗಾರ್ಡ್ ಕತ್ತರಿಸಬೇಡಿ. ಹಿಂದಿನ ಬಂಪ್ ಸ್ಟಾಪ್ ಕೆಳಗೆ 20 ಮಿ.ಮೀ. ಪ್ಯಾಕಿಂಗ್ ಕೊಟ್ಟು ನೋಡಿ, ಟೈರ್ ತಾಗುವ ಮೊದಲೇ ಆಕ್ಸಲ್ ನಿಲ್ಲುತ್ತೆ. ಮತ್ತೆ ಟಾರ್ ರಸ್ತೆಗೆ ಬರುವ ಮುಂಚೆ ಆಂಟಿ-ರೋಲ್ ಬಾರ್ ಲಿಂಕ್ ಸಿಕ್ಕಿಸಿ. 100 ಕಿ.ಮೀ. ಓಡಿದ ಮೇಲೆ ಯು-ಬೋಲ್ಟ್‌ಗಳನ್ನು (ಪ್ಲೇಟ್ ಸೆಟ್ಟನ್ನು ಆಕ್ಸಲ್‌ಗೆ ಬಿಗಿದಿರುವ ಬೋಲ್ಟ್‌ಗಳು) ಇನ್ನೊಂದು ಸಲ ಬಿಗಿ ಮಾಡಿ, ಗ್ರೀಸ್ ಹಾಕಿದ ಸೆಟ್ ಕೂತುಕೊಂಡು ಅವು ಸಡಿಲ ಆಗಿರುತ್ತವೆ.