ಪುಟ್ಟಿ, ಮೊದಲು ಉಸಿರು ಪೂರ್ತಿ ಹೊರಗೆ ಬಿಡು

ಪುಟ್ಟಿ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಪೂರ್ತಿ ಕೇಳು. ಅಣ್ಣಾ, ನೀನೂ ಕೇಳು, ನಿನಗೂ ಒಂದು ಮಾತಿದೆ.

ಭಾನುವಾರ ಚಾಮುಂಡಿ ಬೆಟ್ಟದ 1008 ಮೆಟ್ಟಿಲಲ್ಲಿ 200 ದಾಟುವಷ್ಟರಲ್ಲೇ ಉಸಿರು ಕಟ್ಟಿತು, ನಿಂತ ಮೇಲೆ ತಲೆ ಸುತ್ತಿತು, ಬೆರಳೆಲ್ಲ ಜುಮ್ ಅಂದವು, ಇಳಿದು ಬಂದುಬಿಟ್ಟೆ ಅಂತ ಬರೆದಿದ್ದೀಯ. ನನಗೆ ಸ್ಟ್ಯಾಮಿನಾನೇ ಇಲ್ಲ ಚಿಕ್ಕಪ್ಪ ಅಂತಲೂ ಬರೆದಿದ್ದೀಯ. ಅದು ಓದಿ ನನಗೆ ಬೇಜಾರಾಯ್ತು. ಸ್ಟ್ಯಾಮಿನಾ ಅಳೆಯುವುದಕ್ಕೆ ನೀನು ಅವಕಾಶವನ್ನೇ ಕೊಟ್ಟಿಲ್ಲ. ಶುರುವಿನಲ್ಲೇ ಓಡಿದ್ದೀಯ, ಅಲ್ವಾ? ಸುಮ್ನೆ ನಿಂತಿದ್ದ ಮೈ ಏಕಾಏಕಿ ಹತ್ತಲು ಶುರು ಮಾಡಿದರೆ ಹೃದಯಕ್ಕೂ ಶ್ವಾಸಕೋಶಕ್ಕೂ ಅದಕ್ಕೆ ಹೊಂದಿಕೊಳ್ಳಲು ಎರಡು ಮೂರು ನಿಮಿಷ ಬೇಕು. ಆ ಎರಡು ಮೂರು ನಿಮಿಷ ಯಾರಿಗಾದರೂ ಕಷ್ಟವೇ. ಮೊದಲ 100 ಮೆಟ್ಟಿಲು ಬೇಕಂತಲೇ ನಿಧಾನವಾಗಿ ಹತ್ತು.

ಈಗ ಉಸಿರಿನ ವಿಷಯ. ಸುಮ್ನೆ ಕೂತಾಗ ನಾವು ಒಂದು ಸಲಕ್ಕೆ ಸುಮಾರು ಅರ್ಧ ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಅದರಲ್ಲಿ 150 ಮಿಲಿಲೀಟರಿನಷ್ಟು ಗಂಟಲು, ಶ್ವಾಸನಾಳದಲ್ಲೇ ನಿಂತುಬಿಡುತ್ತದೆ, ರಕ್ತದ ಹತ್ತಿರ ಹೋಗುವುದೇ ಇಲ್ಲ. ಗಾಬರಿಯಲ್ಲಿ ನೀನು ಮೇಲಿಂದ ಮೇಲೆ 300 ಮಿಲಿಲೀಟರಿನ ಪುಟ್ಟ ಪುಟ್ಟ ಉಸಿರು ತೆಗೆದುಕೊಂಡೆ ಅಂದುಕೋ. ಪ್ರತಿ ಸಲವೂ ಅರ್ಧ ದಂಡ! ಎದೆ ಮಾತ್ರ ದಣಿಯುತ್ತದೆ.

ಇನ್ನೊಂದು ಮಾತು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಉಸಿರು ಸಾಲದು ಅನ್ನಿಸುವುದು ಹೆಚ್ಚಾಗಿ ಆಮ್ಲಜನಕ ಕಮ್ಮಿಯಾಗಿ ಅಲ್ಲ, ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗಿ. ಕಾಲಿನ ಸ್ನಾಯು ದುಡಿದಷ್ಟೂ ಅದು ಹುಟ್ಟುತ್ತದೆ, ಅದನ್ನು ಹೊರಗೆ ಹಾಕು ಅಂತ ಮೆದುಳು ಒತ್ತಾಯ ಮಾಡುತ್ತದೆ. ನಾವು ಅದನ್ನು ತಪ್ಪು ತಿಳಿದು ಒಳಗೆ ಎಳೆಯುವುದಕ್ಕೇ ಒದ್ದಾಡುತ್ತೇವೆ. ಬಿಡುವುದನ್ನು ಪೂರ್ತಿ ಮಾಡು, ಎಳೆಯುವುದು ತಾನಾಗೇ ಆಗುತ್ತದೆ. ಬಿಸಿ ಕಾಫಿ ಆರಿಸುವಾಗ ತುಟಿ ಸ್ವಲ್ಪ ಮುಂದೆ ಮಾಡಿ ಊದುತ್ತೇವಲ್ಲ, ಹಾಗೆ ಮೆಲ್ಲಗೆ, ಉದ್ದಕ್ಕೆ. ಎರಡು ಮೆಟ್ಟಿಲಿಗೆ ಒಳಗೆ, ಮೂರು ಮೆಟ್ಟಿಲಿಗೆ ಹೊರಗೆ. ಕಡಿದಾದ ಕಡೆ ಒಂದಕ್ಕೆ ಒಳಗೆ, ಎರಡಕ್ಕೆ ಹೊರಗೆ. ಈ ಲೆಕ್ಕವನ್ನೇ ಹಿಡಿದು ಜಗ್ಗಬೇಡ, ಲಯ ಸಿಕ್ಕರೆ ಸಾಕು. ಎಳೆಯುವಾಗ ಹೊಟ್ಟೆ ಮುಂದೆ ಬರಬೇಕು, ಭುಜ ಮೇಲೇಳಬಾರದು. ರಾತ್ರಿ ಮಲಗಿದಾಗ ಹೊಟ್ಟೆ ಮೇಲೆ ಕೈ ಇಟ್ಟು ಐದು ನಿಮಿಷ ಅಭ್ಯಾಸ ಮಾಡು.

ಬೆರಳು ಜುಮ್ ಅಂದದ್ದು, ತಲೆ ಸುತ್ತಿದ್ದು ನಿಂತ ಮೇಲೆ ಅಂದೆಯಲ್ಲ. ಆಗಲೂ ಹೆದರಿ ಜೋರಾಗಿ, ಬೇಗ ಬೇಗ ಎಳೆದಿರಬೇಕು. ಆಗ ಅದೇ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಕಮ್ಮಿಯಾಗಿ ಹೀಗಾಗುತ್ತದೆ. ಮುಂದಿನ ಸಲ ನಿಂತರೆ ಮುಂದೆ ಬಾಗಿ ಮೊಣಕಾಲಿನ ಮೇಲೆ ಕೈ ಊರು, ಉದ್ದಕ್ಕೆ ಊದು. ಒಮ್ಮೆ ರಕ್ತಪರೀಕ್ಷೆಯನ್ನೂ ಮಾಡಿಸಿಬಿಡು. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕಮ್ಮಿ ಇದ್ದರೆ ಎಷ್ಟು ಚೆನ್ನಾಗಿ ಉಸಿರಾಡಿದರೂ ಏದುಸಿರು ಬರುತ್ತದೆ.

ಭಾವ, ನೀವು ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡಬೇಕು ಅಂದಿರಿ. ವಾಕಿಂಗಿಗೆ ಅದು ಸರಿಯೇ. ಮೂಗು ಗಾಳಿಯನ್ನು ಬೆಚ್ಚಗೆ ಮಾಡುತ್ತದೆ, ಧೂಳು ತಡೆಯುತ್ತದೆ. ಉಬ್ಬಸ ಇರುವವರಿಗೆ ಚಳಿಯಲ್ಲಿ ಅದೇ ಒಳ್ಳೆಯದು. ಆದರೆ ಜೋರಾಗಿ ಹತ್ತುವಾಗ ಮೈ ಕೇಳುವಷ್ಟು ಗಾಳಿ ಮೂಗೊಂದರಿಂದಲೇ ಸಾಗುವುದು ಕಷ್ಟ. ಬಾಯಿ ತಾನಾಗೇ ತೆರೆಯುತ್ತದೆ, ತೆರೆಯಲಿ ಬಿಡಿ. ಬಲವಂತವಾಗಿ ಮುಚ್ಚಿಕೊಂಡರೆ ಮಗುವಿಗೆ ಇನ್ನೂ ಗಾಬರಿ ಹೆಚ್ಚುತ್ತದೆ.

ನಮ್ಮಮ್ಮ ಆಷಾಢ ಶುಕ್ರವಾರ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡೇ ಹತ್ತುತ್ತಿದ್ದರು, ನೆನಪಿದೆಯಾ ಅಣ್ಣಾ? ಅಷ್ಟು ಸಲ ಬಗ್ಗಿ ಏಳುವುದು ಅಂದರೆ ಸಾಮಾನ್ಯವಾ? ಆದರೂ ಅವರು ತೇಕಿದ್ದು ನಾನು ನೋಡಿಲ್ಲ. ಬಗ್ಗುವಾಗ ದೇವಿಯ ಹೆಸರು ಹೇಳೋರು, ಏಳುವಾಗ ಸುಮ್ಮನಾಗೋರು. ಹೆಸರು ಹೇಳುವುದೆಂದರೆ ಉಸಿರು ಬಿಡುವುದೇ, ಅಲ್ವಾ? ಪುಟ್ಟಿ, ನೀನೂ ಹತ್ತುತ್ತಾ ಏನಾದರೂ ಒಂದು ಸಾಲು ಬಾಯಿಬಿಟ್ಟು ಹೇಳಿ ನೋಡು. ಹೇಳಲು ಆಗದಿದ್ದರೆ ವೇಗ ಜಾಸ್ತಿಯಾಯ್ತು ಅಂತ ತಿಳಿದುಕೋ.

ಅಣ್ಣಾ, ಈಗ ನಿನ್ನ ವಿಷಯ. ಹೋದ ವಾರ ನಿಮ್ಮ ಮನೆಯಲ್ಲಿ ನೋಡಿದೆ. ತುಂಬಿದ ಗ್ಯಾಸ್ ಸಿಲಿಂಡರನ್ನು ಉಸಿರು ಬಿಗಿಹಿಡಿದು, ತಿಣುಕಿ ಎತ್ತಿದೆ. ಮುಖವೆಲ್ಲ ಕೆಂಪಾಗಿತ್ತು. ಅದು ಸುಮಾರು 30 ಕೆ.ಜಿ. ಭಾರ, ನೀನು ಬಿಪಿ ಮಾತ್ರೆ ತೆಗೆದುಕೊಳ್ಳುವವನು. ಹಾಗೆ ಉಸಿರು ಕಟ್ಟಿ ತಿಣುಕಿದರೆ ಆ ಕ್ಷಣಕ್ಕೆ ಬಿಪಿ ವಿಪರೀತ ಏರುತ್ತದೆ. ಅಗಸರು ಬಟ್ಟೆ ಬಡಿಯುವಾಗ ಉಸ್ಸ್ ಅನ್ನುತ್ತಾರೆ, ಸೌದೆ ಒಡೆಯುವವರು ಕೊಡಲಿ ಬೀಸುವಾಗ ಹಾ ಅನ್ನುತ್ತಾರೆ. ಬಲ ಬೀಳುವ ಹೊತ್ತಿಗೆ ಉಸಿರು ಹೊರಗೆ. ನೀನೂ ಹಾಗೇ ಮಾಡು, ಇಲ್ಲವಾದರೆ ಬೇರೆಯವರನ್ನು ಕರೆ. ಬೆಟ್ಟಕ್ಕೆ ಬರುವ ಮುಂಚೆ ಡಾಕ್ಟರನ್ನು ಕೇಳು. ಎದೆ ಬಿಗಿಯುವುದು, ನೋವು ಎಡತೋಳಿಗೋ ದವಡೆಗೋ ಹರಿಯುವುದು, ತಣ್ಣನೆ ಬೆವರು, ಇದರಲ್ಲಿ ಯಾವುದೇ ಬಂದರೂ ಉಸಿರಾಟದ ಪ್ರಯೋಗ ಬೇಡ. ಅಲ್ಲೇ ಕೂತು, ಜೊತೆಯವರಿಗೆ ಹೇಳಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇದು ಎಲ್ಲರಿಗೂ ಹೇಳುತ್ತಿದ್ದೇನೆ.

ಪುಟ್ಟಿ, ಬರುವ ಭಾನುವಾರ ಬೆಳಿಗ್ಗೆ 6 ಗಂಟೆಗೆ ಪಾದದ ಹತ್ತಿರ ಬಾ, ನಾನು ಜೊತೆಗೆ ಹತ್ತುತ್ತೇನೆ. ಹೊಟ್ಟೆ ತುಂಬಾ ತಿಂಡಿ ತಿನ್ನಬೇಡ, ಸೊಂಟ ಬಿಗಿಯುವ ಬಟ್ಟೆ ಬೇಡ. ಈ ಸಲ ದಾರಿಯಲ್ಲಿ ಸಿಗುವ ದೊಡ್ಡ ನಂದಿ ವಿಗ್ರಹದ ತನಕ ಮಾತ್ರ. ಭಾವ, ನೀವೂ ಬಂದರೆ ಚೆನ್ನಾಗಿರುತ್ತದೆ, ಬರುತ್ತೀರಾ ಅಂತ ರಾತ್ರಿಯೊಳಗೆ ಹೇಳಿ.