ಹೆದ್ದಾರಿಯ ‘ಆನ್ಯುಟಿ’ಗೆ ‘ವರ್ಷಾಶನ’ ಸಲ್ಲುತ್ತದೆಯೇ?

ಮಾನ್ಯರೆ,

ಹೆದ್ದಾರಿ ಕಾಮಗಾರಿಗಳಿಗೆ ರಾಜ್ಯವು ಹಣ ಹೊಂದಿಸುವ ಮತ್ತು ಗುತ್ತಿಗೆ ಕೊಡುವ ಕಾನೂನುಗಳನ್ನು ಕುರಿತು ಕೊಪ್ಪಳ, ರಾಯಚೂರು ಜಿಲ್ಲೆಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಒಂದು ಕೈಪಿಡಿಯನ್ನು ಬರೆಯುತ್ತಿದ್ದೇನೆ. 1964ರ ಹೆದ್ದಾರಿ ಅಧಿನಿಯಮದ ಪದಗಳಾಗಲಿ, ಟೆಂಡರುಗಳಿಗೆ ಅನ್ವಯಿಸುವ 1999ರ ಪಾರದರ್ಶಕತೆ ಅಧಿನಿಯಮದ ಪದಗಳಾಗಲಿ ತೊಡಕು ಕೊಡಲಿಲ್ಲ. ‘ಹೈಬ್ರಿಡ್ ಆನ್ಯುಟಿ’ ಎಂಬ ಹಣ ಹೊಂದಿಕೆಯ ಮಾದರಿಗೆ ಬಂದಾಗ, ‘ಆನ್ಯುಟಿ’ಗೆ ತಕ್ಕ ಕನ್ನಡ ಪದ ಸಿಗದೆ ಬರವಣಿಗೆ ನಿಂತಿದೆ.

ಕೇಂದ್ರವು 2016ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆ ಜಾರಿಗೆ ತಂದ ಈ ಮಾದರಿಯಲ್ಲಿ ಯೋಜನಾ ವೆಚ್ಚದ ಶೇ. 40ರಷ್ಟನ್ನು ಸರ್ಕಾರ ಕಾಮಗಾರಿ ನಡೆಯುವಾಗಲೇ ಹಂತ ಹಂತವಾಗಿ ಕೊಡುತ್ತದೆ. ಉಳಿದ ಶೇ. 60ರಷ್ಟನ್ನು ಗುತ್ತಿಗೆದಾರ ಕಂಪನಿ ಸಾಲದಿಂದಲೂ ಸ್ವಂತ ಬಂಡವಾಳದಿಂದಲೂ ಹೊಂದಿಸಿ, ರಸ್ತೆ ಮುಗಿದ ಮೇಲೆ 15 ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ಬಡ್ಡಿಸಹಿತ ಸರ್ಕಾರದಿಂದ ಮರಳಿ ಪಡೆಯುತ್ತದೆ. ಆನ್ಯುಟಿ ಎಂದರೆ ಈ ಮರುಪಾವತಿ. ಟೋಲ್ ಹಣ ಕಂಪನಿಗೆ ಸೇರುವುದಿಲ್ಲ.

ನಿಘಂಟಿನಲ್ಲಿ ಇದಕ್ಕೆ ‘ವರ್ಷಾಶನ’ ಎಂದಿದೆ. ಆದರೆ ಅಶನವೆಂದರೆ ಅನ್ನ. ವರ್ಷಾಶನವು ವರ್ಷಕ್ಕೊಮ್ಮೆ ಜೀವನೋಪಾಯಕ್ಕೆಂದು ಕೊಡುವ ಹಣ. ಮುಜರಾಯಿ ಲೆಕ್ಕಗಳಲ್ಲಿ ‘ತಸ್ತೀಕು’ (ಗುಡಿಗಳಿಗೆ ಸರ್ಕಾರ ಕೊಡುವ ನಗದು) ಎಂಬುದರ ಪಕ್ಕದಲ್ಲೇ ಈ ಪದ ಕುಳಿತಿರುವುದರಿಂದ, ನಮ್ಮ ಭಾಗದ ಓದುಗರಿಗೆ ಅದು ಗುಡಿಗೋ ಮಠಕ್ಕೋ ಸಲ್ಲುವ ಅನುದಾನವಾಗಿಯೇ ಕೇಳಿಸುತ್ತದೆ. ಕಂಪನಿಗೆ ಸರ್ಕಾರ ವರ್ಷಾಶನ ಕೊಡುತ್ತಿದೆ ಎಂದು ಬರೆದರೆ ಗ್ರಾಮಸಭೆಯಲ್ಲಿ ಯಾವ ಬಗೆಯ ಪ್ರಶ್ನೆ ಏಳುವುದೆಂದು ಊಹಿಸುವುದು ಕಷ್ಟವಲ್ಲ. ಪಾವತಿ ಅರ್ಧವಾರ್ಷಿಕವಾಗಿರುವಾಗ ‘ವರ್ಷ’ ಎಂಬ ಭಾಗವೂ ಸರಿಹೊಂದದು.

ಕೊಡುವ ದಯೆಗೂ ತೀರಿಸಬೇಕಾದ ಬಾಧ್ಯತೆಗೂ ಇರುವ ಅಂತರ ಇಲ್ಲಿ ಮುಖ್ಯವೆಂದು ನನ್ನ ಎಣಿಕೆ. 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮವು, ನಿಗಮಗಳು ಎತ್ತಿದರೂ ರಾಜ್ಯದ ಆಯವ್ಯಯದಿಂದಲೇ ತೀರಬೇಕಾದ ಸಾಲಗಳನ್ನು ಕೂಡ ರಾಜ್ಯದ ಒಟ್ಟು ಹೊಣೆಯಲ್ಲಿ ಎಣಿಸುತ್ತದೆ. ಕೈಪಿಡಿಯಲ್ಲಿ ಆ ವಿಷಯವೂ ಬರುವುದರಿಂದ, ಸಾಲದ ವಾಸನೆಯೇ ಇಲ್ಲದ ಪದವನ್ನು ಬಳಸಲು ಮನಸ್ಸೊಪ್ಪುತ್ತಿಲ್ಲ.

ಈ ದೃಷ್ಟಿಯಿಂದ ‘ಕಂತು’ ನನಗೆ ಹಿಡಿಸಿದೆ. ಸಿಂಧನೂರು, ಗಂಗಾವತಿಯ ಕಡೆ ಟ್ರ್ಯಾಕ್ಟರ್ ಸಾಲ ಮಾಡಿದ ಯಾವ ರೈತನಿಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಸಾಲಗಾರನ ಸ್ಥಾನದಲ್ಲಿ ಸರ್ಕಾರವಿದೆ ಎಂದರೆ ಸಾಕು. ತೊಂದರೆಯೆಂದರೆ, ಕಾಮಗಾರಿಯ ಕಾಲದಲ್ಲಿ ಕೊಡುವ ಶೇ. 40ರ ಭಾಗವೂ ಕಂತುಗಳಲ್ಲಿಯೇ ಬರುತ್ತದೆ. ಒಂದೇ ಪುಟದಲ್ಲಿ ಎರಡಕ್ಕೂ ಒಂದೇ ಪದ ನಿಂತರೆ ಓದುಗರು ತಬ್ಬಿಬ್ಬಾಗುತ್ತಾರೆ. ಮೊದಲನೆಯದನ್ನು ‘ನಿರ್ಮಾಣಕಾಲದ ಪಾವತಿ’ ಎಂದೂ ಎರಡನೆಯದನ್ನು ‘ಮರುಪಾವತಿ ಕಂತು’ ಎಂದೂ ಸದ್ಯಕ್ಕೆ ಬೇರ್ಪಡಿಸಿದ್ದೇನೆ. ‘ವಾರ್ಷಿಕಿ’ ಎಂಬ ಸಲಹೆಯೂ ಬಂದಿತ್ತು, ಆದರೆ ಅದು ಪತ್ರಿಕೆಯ ವಿಶೇಷಾಂಕದ ಹೆಸರಿನಂತಿದೆ.

‘ಮರುಪಾವತಿ ಕಂತು’ ಎಂಬ ಜೋಡಿಪದ ಕಾನೂನಿನ ಬರವಣಿಗೆಯಲ್ಲಿ ನಿಲ್ಲುವುದೇ, ಅಥವಾ ಇದಕ್ಕಿಂತ ಚಿಕ್ಕ ಪದವನ್ನು ಲೆಕ್ಕಪತ್ರ ಇಲಾಖೆಯವರು ಈಗಾಗಲೇ ಬಳಸುತ್ತಿದ್ದಾರೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.