ವಾಟರ್ ಪಂಪ್ ಬದಲಿಸಿದ ಮೇಲೆ ಟೆಂಪರೇಚರ್ ಮುಳ್ಳು ಏರಿಳಿಯುತ್ತಿದೆ: ಒಳಗೆ ಗಾಳಿ ಉಳಿದಿದೆಯೇ?

ಮುಳ್ಳೇರಿಯದಿಂದ ಪ್ರಶ್ನೆ

ನಮಸ್ಕಾರ. ನನ್ನದು ಹಳೆಯ ಪೆಟ್ರೋಲ್ ಆಲ್ಟೊ. ವಾಟರ್ ಪಂಪ್ ಸೋರುತ್ತಿತ್ತು, ಊರಿನ ಗ್ಯಾರೇಜಿನಲ್ಲಿ ಬದಲಿಸಿ ಆಯಿತು. ಸೋರುವುದು ನಿಂತಿದೆ. ಆದರೆ ಈಗ ಟೆಂಪರೇಚರ್ ಮುಳ್ಳು ಇದ್ದಕ್ಕಿದ್ದಂತೆ ಏರುತ್ತದೆ, ಮತ್ತೆ ತಾನಾಗಿಯೇ ಇಳಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು. ಬಿಳಿ ಹೊಗೆ ಇಲ್ಲ, ಎಂಜಿನ್ ಆಯಿಲ್ ಬಣ್ಣವೂ ಸರಿ ಇದೆ. ಮನೆಯವರನ್ನು ಕರೆದುಕೊಂಡು ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗಬೇಕು. ಧೈರ್ಯ ಬರುತ್ತಿಲ್ಲ.

ಬದಿಯಡ್ಕದಿಂದ ಉತ್ತರ

ನೀವು ಹೇಳುವ ಲಕ್ಷಣ ನೋಡಿದರೆ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಹರಿಯುವ ದಾರಿಯಲ್ಲಿ ಗಾಳಿಯೇ ಇರಬೇಕು. ಸೆನ್ಸರ್ ಸುತ್ತ ಗಾಳಿ ನಿಂತರೆ ಮುಳ್ಳು ಸರಿಯಾದ ಬಿಸಿ ತೋರಿಸುವುದಿಲ್ಲ. ಹಾಗಾಗಿ ಮುಳ್ಳು ಇಳಿಯಿತು ಅಂತ ಸಮಾಧಾನ ಪಡಬೇಡಿ. ಗಾಳಿ ಹೊರಗೆ ಹೋಗುವ ತನಕ ಘಾಟಿ ಬೇಡವೇ ಬೇಡ.

ಎಂಜಿನ್ ಪೂರ್ತಿ ತಣ್ಣಗಿರುವಾಗ, ಅಂದರೆ ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ, ಕೆಲಸ ಶುರು ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ ಮಾರಾಯ್ರೆ. ಒಳಗೆ ಒತ್ತಡ ಇರುತ್ತದೆ, ತೆಗೆದ ಕೂಡಲೇ ಕುದಿಯುವ ನೀರು ಮುಖಕ್ಕೆ ಹಾರುತ್ತದೆ.

ನಮ್ಮ ಕಡೆ ಸಮತಟ್ಟಾದ ಅಂಗಳಕ್ಕಿಂತ ಏರು ದಾರಿಯೇ ಜಾಸ್ತಿ ಅಲ್ವಾ? ಇಲ್ಲಿ ಅದು ಉಪಕಾರಕ್ಕೆ ಬರುತ್ತದೆ. ಮೂತಿ ಮೇಲಾಗುವಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕುತ್ತದೆ. ಆ ಜಾಗ ರೇಡಿಯೇಟರ್ ಬಾಯಿಯೇ ಆಗಬೇಕು.

ಮುಚ್ಚಳ ತೆಗೆದು ಕೂಲಂಟ್ ನಿಧಾನವಾಗಿ ಹೊಯ್ಯಿರಿ. ಮೇಲಿನ ಹೋಸನ್ನು ಕೈಯಲ್ಲಿ ಹಿಂಡುತ್ತಾ ಬನ್ನಿ, ಗುಳ್ಳೆ ಬರುತ್ತದೆ. ಈಗ ಹೀಟರ್ ಪೂರ್ತಿ ಬಿಸಿಗೆ ಇಡಿ, ಎಸಿ ಬೇಡ. ನಮ್ಮ ಸೆಕೆಗೆ ಹೀಟರ್ ಯಾರೂ ಹಾಕುವುದಿಲ್ಲ, ಅದಕ್ಕೇ ಅದರ ಕೊಳವೆಯಲ್ಲಿ ಉಳಿದ ಗಾಳಿ ಯಾರ ಗಮನಕ್ಕೂ ಬರುವುದಿಲ್ಲ. ನಿಮ್ಮ ಗುಳುಗುಳು ಸದ್ದು ಬಹುಶಃ ಅಲ್ಲಿಯದೇ.

ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ಕೂಲಂಟ್‌ಗೆ ರೇಡಿಯೇಟರ್ ಕಡೆ ದಾರಿ ಬಿಡುವ ಕವಾಟ) ತೆರೆಯುವ ತನಕ ಕಾಯಬೇಕು, ಸಾಮಾನ್ಯವಾಗಿ 80 ಡಿಗ್ರಿ ದಾಟಿದ ಮೇಲೆ. ಅಲ್ಲಿಯವರೆಗೆ ತಣ್ಣಗಿದ್ದ ಮೇಲಿನ ಹೋಸು ಬೇಗ ಬಿಸಿಯಾಗುತ್ತದೆ. ಆಗ ಮಟ್ಟ ಒಮ್ಮೆಲೇ ಇಳಿಯಬಹುದು, ಉಕ್ಕಲೂಬಹುದು. ಮುಖ ದೂರ ಇರಲಿ, ಕೈ ಫ್ಯಾನಿನ ಹತ್ತಿರ ಹೋಗದಿರಲಿ. ಇಳಿದಷ್ಟು ತುಂಬಿಸಿ. ಗುಳ್ಳೆ ನಿಂತು, ಒಳಗೆ ಹೀಟರ್ ಗಾಳಿ ಬಿಸಿಯಾಗಿ ಬಂದರೆ ಮುಚ್ಚಳ ಹಾಕಿ. ಮುಳ್ಳು ಕೆಂಪಿನ ಕಡೆ ಹೋದರೆ ತಕ್ಷಣ ಆಫ್ ಮಾಡಿ.

ಉಪ್ಪಳದಿಂದ

ಒಂದು ಮಾತು ಸೇರಿಸುತ್ತೇನೆ. ಬಾವಿ ನೀರು, ಗುಡ್ಡ ಕೊರೆದ ಸುರಂಗದ ನೀರು ಎಷ್ಟು ತಿಳಿಯಾಗಿದ್ದರೂ ಹೊಯ್ಯಬೇಡಿ. ಅದರ ಖನಿಜ ರೇಡಿಯೇಟರ್ ಒಳಗೆ ಕಟ್ಟಿಕೊಳ್ಳುತ್ತದೆ. ಕೂಲಂಟ್‌ಗೆ ಬೆರೆಸಲು ಡಿಸ್ಟಿಲ್ಡ್ ವಾಟರ್ ತನ್ನಿ. ರೆಡಿಮಿಕ್ಸ್ ಆದರೆ ನೀರೇ ಬೇಡ. "ಥರ್ಮೋಸ್ಟಾಟ್ ತೆಗೆದುಬಿಡಿ, ತಂಪಾಗಿರುತ್ತದೆ" ಎನ್ನುವವರೂ ಸಿಗುತ್ತಾರೆ. ಕೇಳಬೇಡಿ. ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಹೆಚ್ಚು.

ಮುಳ್ಳೇರಿಯದಿಂದ

ತುಂಬಾ ಉಪಕಾರ ಆಯಿತು. ಮನೆ ಎದುರಿನ ಏರಿನಲ್ಲೇ ಮಾಡಿದೆ. ಹೋಸು ಬಿಸಿಯಾದ ಮೇಲೆ ದೊಡ್ಡ ಗುಳ್ಳೆಗಳು ಬಂದು ಮಟ್ಟ ಚೆನ್ನಾಗಿ ಇಳಿಯಿತು. ಈಗ ಸದ್ದಿಲ್ಲ, ಹೀಟರ್ ಸುಡುತ್ತದೆ. ಘಾಟಿಗೆ ಹೊರಡಬಹುದಾ?

ಬದಿಯಡ್ಕದಿಂದ

ಮೊದಲು ಪರೀಕ್ಷೆಗೆ ಹತ್ತಿರದ ಚೆರ್ಕಳಕ್ಕೆ ಹೋಗಿ ಬನ್ನಿ. ತಣಿದ ಮೇಲೆ ರೇಡಿಯೇಟರ್, ರಿಸರ್ವ್ ಟ್ಯಾಂಕ್ ಎರಡರಲ್ಲೂ ಮಟ್ಟ ನೋಡಿ. ಸ್ವಲ್ಪ ಇಳಿದಿದ್ದರೆ ತುಂಬಿಸಿ, ಅದು ಸಹಜ. ಪ್ರತಿ ಸಲವೂ ಇಳಿಯುತ್ತಿದ್ದರೆ, ಅಥವಾ ಗುಳ್ಳೆ ನಿಲ್ಲದೇ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಪರೀಕ್ಷೆ ಮಾಡಿಸದೆ ಹೊರಡಬೇಡಿ. ಮತ್ತೆ, ಅಂಗಳದಲ್ಲಿ ಚೆಲ್ಲಿದ ಕೂಲಂಟನ್ನು ಈಗಲೇ ಒರೆಸಿ ತೆಗೆದು, ಜಾಗ ತೊಳೆಯಿರಿ. ಅದು ಸಿಹಿ ಇರುತ್ತದೆ, ನಾಯಿ ನೆಕ್ಕಿದರೆ ಪ್ರಾಣಕ್ಕೇ ಅಪಾಯ.